ಸುಧಾರಿಸಿಕೊಳ್ಳುವ ನರ

ಬೆಂಗಳೂರಿಗೆ ಹತ್ತಿರದ ವಿಜಯಪುರದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದ ಬೈಯಣ್ಣನ ಮಗಳು ಪ್ರಮೀಳ, 1994ರಲ್ಲಿ ದಿನಾ ಬಸ್ಸು ಹಿಡಿದು ಬೆಂಗಳೂರಿನ ಪ್ರಯೋಗಾಲಯವೊಂದಕ್ಕೆ ಹೋಗುತ್ತಿದ್ದಳು. ಕಿವುಡರ ಕಿವಿಯೊಳಗೆ ಕೂರಿಸುವ ಯಂತ್ರದ ವಿದ್ಯುತ್ ಮಿಡಿತಕ್ಕೆ ಕೇಳುವ ನರ ಹೇಗೆ ಓಗೊಡುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವಳ ಕೆಲಸ. ಮಿಡಿತ ಬೇಗಬೇಗ ಬಂದರೂ ಅವಳ ಲೆಕ್ಕದ ನರ ಎಲ್ಲಕ್ಕೂ ಓಗೊಡುತ್ತಿತ್ತು. ಪ್ರಯೋಗದಲ್ಲಿ ಅಳೆದ ನಿಜವಾದ ನರವಾದರೋ ನಡುನಡುವೆ ಸುಮ್ಮನಾಗುತ್ತಿತ್ತು.

"ಅಳತೇನೇ ತಪ್ಪಿರ್ಬೇಕು ಕಣಮ್ಮ," ಎಂದರು ಅವಳ ಪ್ರೊಫೆಸರು.

"ಇಲ್ಲ ಸಾರ್, ತಪ್ಪು ನಂದೇ. ಒಂದ್ಸಲ ಓಗೊಟ್ಟ ಮೇಲೆ ನರ ಸುಧಾರಿಸ್ಕೊಳ್ಳೋಕೆ ನಾನು ಕೊಟ್ಟಿರೋ ಟೈಮು ಸಾಲ್ದು. ಸರಿ ಮಾಡ್ತೀನಿ."

ವಾರವಿಡೀ ಕೂತು ಪ್ರೋಗ್ರಾಂ ತಿದ್ದಿದಳು. ತೆರೆಯ ಮೇಲೆ ಲೆಕ್ಕದ ಗೆರೆಯೂ ಅಳತೆಯ ಗೆರೆಯೂ ಒಂದರ ಮೇಲೊಂದು ಕೂತವು. ಪ್ರೊಫೆಸರು ಈ ಕೆಲಸದ ಬಗ್ಗೆ ಬರೆಯುತ್ತಿದ್ದ ಲೇಖನದ ಕರಡು ತೆಗೆದು, ತಮ್ಮ ಹೆಸರಿಗಿಂತ ಮೊದಲು ಅವಳ ಹೆಸರು ಬರೆದರು.