ಅರಗು ಕಾಯಿಸುವ ಜೌನಿ

ರಾಂಚಿ ಸೀಮೆಯ ಕುದಾಡಿ ಊರಿನ ಜೌನಿ ಮರ ಹತ್ತಿದಳೆಂದರೆ ಕೆಳಗಿದ್ದವರು ಮಾತು ನಿಲ್ಲಿಸಿ ಕತ್ತೆತ್ತಿ ನೋಡುತ್ತಿದ್ದರು. ಸೀರೆಯನ್ನು ಮೊಣಕಾಲಿಗೆತ್ತಿ ಸಿಕ್ಕಿಸಿ, ಸೊಂಟಕ್ಕೆ ಕೊಡಲಿ ಇಳಿಬಿಟ್ಟು, ಗಂಡಸರೂ ಅಂಜುವ ತುದಿಕೊಂಬೆಗೆ ಹೋಗಿ ಕೂರುವಳು. ಗಂಡ ಹಾವು ಕಚ್ಚಿ ಸತ್ತ ಮೇಲೆ ಅವಳ ಪಾಲಿಗೆ ಉಳಿದದ್ದು ಹೊಳೆದಂಡೆಯ ಒಂದೇ ಒಂದು ಕುಸುಮ್ ಮರ. ಅದರ ಎಳೆ ರೆಂಬೆಗಳಿಗೆ ಅರಗಿನ ಹುಳು ಹತ್ತಿಸಿ, ಇರುವೆ ಮುತ್ತದಂತೆ, ಮಂಗ ಮುರಿಯದಂತೆ ಮಗುವನ್ನು ಕಾದ ಹಾಗೆ ಕಾದು, ಅರಗು ಗಟ್ಟಿ ಕಟ್ಟಿದ ಮೇಲೆ ಕಡಿದಿಳಿಸುವುದು. ಅವಳ ವರ್ಷದ ಅನ್ನ ಅದು.

ಆ ಚಳಿಗಾಲ ಊರವರೆಲ್ಲ ಸಂತೆಗೆ ಹೋಗಿದ್ದ ದಿನ ಜೌನಿ ಒಬ್ಬಳೇ ಮರದ ಮೇಲಿದ್ದಳು. ಹೊಳೆ ದಾಟಿ ಮೂವರು ಗಂಡಸರು ಬಂದು ಬುಡದಲ್ಲಿ ನಿಂತರು. ಮುಂದಿದ್ದವನ ತುಟಿಯ ಮೇಲೆ ಅಗಲವಾದ ತೊನ್ನಿನ ಮಚ್ಚೆ.

"ಅಕ್ಕಾ, ಕಡಿದದ್ದನ್ನೆಲ್ಲ ಹಂಗೇ ಕೆಳಗೆ ಹಾಕು. ನಾವು ಹೊತ್ಕೊಂಡು ಹೋಗ್ತೀವಿ. ನಿಂಗ್ಯಾಕೆ ತ್ರಾಸು" ಎಂದನವನು.

"ಇದಕ್ಕೆ ಹುಳ ಕಟ್ಟಿದೋನು ನಿಮ್ಮಪ್ಪನೇನೋ?"

"ನಮ್ಮಪ್ಪ ಸತ್ತ. ಈಗ ನಿನ್ ಗಂಡನ ಪಕ್ಕದಲ್ಲೇ ಕೂತಿರ್ತಾನೆ. ಕೇಳಿ ಬರ್ತೀಯಾ?"

ಒಬ್ಬ ಹತ್ತತೊಡಗಿದ. ಅವನ ಮುಖ ಕಾಲಿಗೆಟುಕುವಷ್ಟು ಹತ್ತಿರ ಬರುವ ತನಕ ಜೌನಿ ಮಿಸುಕಲಿಲ್ಲ. ಆಮೇಲೆ ಹಿಮ್ಮಡಿಯಿಂದ ಬಾಯಿಗೆ ಒದ್ದಳು. ಅವನು ಕೆಳಗೆ ಬಿದ್ದು ರಕ್ತದ ಜೊತೆ ಹಲ್ಲು ಉಗಿದ. ಇನ್ನೊಬ್ಬ ಹೊಳೆಯ ಕಲ್ಲು ಆಯ್ದು ಬೀಸತೊಡಗಿದ. ಒಂದು ಕಲ್ಲು ಕೆನ್ನೆಗೆ ಬಡಿದು ಅವಳ ಕಣ್ಣು ಕತ್ತಲಿಟ್ಟಿತು. ಅವಳು ಎಡಗೈಯಲ್ಲಿ ಕೊಂಬೆ ಬಿಗಿದಪ್ಪಿ, ಬಲಗೈಯಲ್ಲಿ ಕೊಡಲಿಗಾಗಿ ತಡಕುತ್ತಿದ್ದಾಗ ತೊನ್ನು ತುಟಿಯವನು ಹಿಂದುಗಡೆಯಿಂದ ಹತ್ತಿ ಬಂದಿದ್ದ. ಕೊಂಬೆ ಹಿಡಿದ ಅವಳ ಕೈಯ ಮೇಲೇ ತನ್ನ ಕೊಡಲಿ ಹಾಕಿದ. ಎರಡು ಬೆರಳು ರೆಂಬೆಗಳ ನಡುವೆ ಉದುರಿದವು. ಅವುಗಳ ಹಿಂದೆಯೇ ಜೌನಿಯೂ ಬಿದ್ದಳು. ಕಾಲಿನ ಮೂಳೆ ಲಟಕ್ಕೆಂದದ್ದು ಅವಳಿಗೇ ಕೇಳಿಸಿತು.

ಅವರು ಅವಳನ್ನು ದಾಟಿಕೊಂಡೇ ಹೊರೆ ಕಟ್ಟಿದರು, ದಾಟಿಕೊಂಡೇ ಹೋದರು. ಅಣ್ಣ ಸನಿಕಾ ಸಂತೆಯಿಂದ ಬಂದು ನೋಡುವಾಗ ಅವಳ ಕೈಗೆ ಇರುವೆ ಮುತ್ತಿತ್ತು.

ಮೂಳೆ ಕೂಡಿತು, ಆದರೆ ಕಾಲು ಸೊಟ್ಟಗಾಯಿತು. ಇನ್ನು ಮರ ಹತ್ತುವ ಮಾತಿಲ್ಲ. ಸನಿಕಾ ಕಡಿದಿಳಿಸಿದ ಅರಗನ್ನು ಅವಳು ಅಂಗಳದಲ್ಲಿ ಕೂತು ಹದ ಮಾಡತೊಡಗಿದಳು. ಕಡ್ಡಿಯಿಂದ ಕೆರೆದು, ಕುಟ್ಟಿ, ಮಡಕೆಯ ನೀರಿನಲ್ಲಿ ಕೆಂಪು ಬಿಡುವವರೆಗೆ ತುಳಿದು ತೊಳೆಯುವುದು. ನೆರಳಲ್ಲಿ ಒಣಗಿಸಿ, ಉದ್ದನೆಯ ಬಟ್ಟೆಚೀಲಕ್ಕೆ ತುಂಬಿ, ಕೆಂಡದೆದುರು ಹಿಡಿದು ತಿರುಚುವುದು. ಜೇನಿನ ಹಾಗೆ ಒಸರಿದ ಅರಗನ್ನು ಬಾಳೆದಿಂಡಿನ ಮೇಲೆ ಹರಡಿ, ಬಿಸಿ ಆರುವ ಮೊದಲೇ ಎಬ್ಬಿಸಿ ಕೈಯಲ್ಲಿ, ಕಾಲ್ಬೆರಳಲ್ಲಿ, ಹಲ್ಲಲ್ಲಿ ಕಚ್ಚಿ ಎಳೆದರೆ ಬೆಳಕು ತೂರುವಂಥ ಹಾಳೆ. ಮೂರು ಬೆರಳಿನ ಕೈ ಮೊದಮೊದಲು ಸುಟ್ಟು ಬೊಬ್ಬೆಯೆದ್ದಿತು, ಆಮೇಲೆ ಕಲಿತಿತು.

ಅರಗಿನ ಬೇಸಿಗೆ ಬೆಳೆ ಕಡಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಅವಳು ದಪ್ಪ ಅರಗನ್ನು ಮಡಕೆಯಲ್ಲಿ ಕರಗಿಸುತ್ತಿದ್ದಾಗ ಹೊಳೆ ಕಡೆಯಿಂದ ಗಲಾಟೆ ಕೇಳಿತು. ತೊನ್ನು ತುಟಿಯವನು ಮತ್ತೆ ಬಂದಿದ್ದ, ಅದೇ ಮರಕ್ಕೆ. ಈ ಸಲ ಊರು ಖಾಲಿ ಇರಲಿಲ್ಲ. ಹೆಸರು ದುಬ್ರಾಜ್ ಎಂದು ಹೊಡೆತ ತಿನ್ನುತ್ತಲೇ ಬಾಯಿ ಬಿಟ್ಟಿದ್ದ. ಅವನನ್ನು ಬುಡಕ್ಕೆ ಕಟ್ಟಿ ಬಿಲ್ಲಿನ ಕೋಲಿಂದ, ಒನಕೆಯಿಂದ, ಸಿಕ್ಕಿದ್ದರಿಂದ ಬಡಿಯುತ್ತಿದ್ದರು. ಒಂದು ಕಣ್ಣು ಆಗಲೇ ಮುಚ್ಚಿಹೋಗಿತ್ತು. ಹೆಂಗಸರೂ ಮುಂದೆ ಬಂದು ಹೊಡೆದು ಹೋಗುತ್ತಿದ್ದರು.

ಜೌನಿ ಕುಂಟುತ್ತ ಅಲ್ಲಿಗೆ ಮುಟ್ಟುವಷ್ಟರಲ್ಲಿ ಯಾರೋ ಅವಳ ಒಲೆಯ ಮೇಲಿನ ಮಡಕೆಯನ್ನೇ ಎತ್ತಿ ತಂದರು. "ತಲೆ ಮೇಲೆ ಸುರೀರಿ. ಕಿತ್ರೆ ಚರ್ಮದ ಜೊತೇಲೇ ಬರುತ್ತೆ" ಎಂದರು. ಗುಂಪಿನಲ್ಲಿ ನಗು ಎದ್ದಿತು.

ದುಬ್ರಾಜ್ ಅವಳನ್ನು ಗುರುತು ಹಿಡಿದ. ಬಾಯಿಂದ ರಕ್ತದ ಗುಳ್ಳೆ ಬರುತ್ತಿತ್ತು.

ಜೌನಿ ಮಡಕೆಗೆ ಕೈಕೋಲು ಬೀಸಿದಳು. ಮಡಕೆ ಒಡೆದು ಅರಗು ಮಣ್ಣಿನಲ್ಲಿ ಚೊರಗುಟ್ಟಿತು. ಹಿಡಿದವನ ಪಾದಕ್ಕೂ ಒಂದಿಷ್ಟು ಬಿತ್ತು. ಅವನು ಕುಣಿದಾಡಿ ಬೈದ.

"ಬೆರಳು ಹೋಗಿದ್ದು ಯಾರದು?" ಎಂದಳು. "ನಿಮ್ದಾ? ನಂದು. ನಾನೇ ತೀರಿಸ್ಕೊಳ್ತೀನಿ. ಅಣ್ಣಾ, ಕೊಡಲಿ ಕೊಡು."

"ತಂಗೀ, ಬಿಡು. ಅವನು ಹೆಂಗೂ ಸಾಯ್ತಾನೆ" ಎಂದ ಸನಿಕಾ.

"ಅದಕ್ಕೇ ಕೊಡು ಅಂದೆ."

ಅವಳು ದುಬ್ರಾಜನ ಎಡಗೈಯನ್ನು ಬೇರಿನ ಮೇಲೆ ಒತ್ತಿ ಹಿಡಿದು ಒಂದೇ ಏಟು ಹಾಕಿದಳು. ಎರಡು ಬೆರಳು. ಅವನ ಕೂಗಿಗೆ ಹೊಳೆಯಾಚೆಯ ಕೊಕ್ಕರೆಗಳು ಎದ್ದವು. ಆಮೇಲೆ ಕೊಡಲಿಯನ್ನು ಗುಂಪಿನ ಕಡೆಗೆ ತಿರುಗಿಸಿ ನಿಂತಳು.

"ಮುಗೀತು. ಇನ್ಯಾರಾದ್ರೂ ಕೈ ಎತ್ತಿದ್ರೆ ಅದು ನನ್ ಲೆಕ್ಕ ಅಲ್ಲ, ನಿಮ್ ಲೆಕ್ಕ. ಬರ್ರಿ ಯಾರು ಬರ್ತೀರಿ."

ಯಾರೂ ಬರಲಿಲ್ಲ. ರಕ್ತ ಕಂಡ ಮೇಲೆ ಅವರ ಹಸಿವೂ ಇಳಿದಿತ್ತು. ಸನಿಕಾ ಹಗ್ಗ ಬಿಚ್ಚಿದ. ಜೌನಿ ತನ್ನ ಸೆರಗು ಹರಿದು ಆ ಕೈಗೆ ಸುತ್ತಿದಳು.

ಪೊಲೀಸರು ಬಂದಾಗ ಅಷ್ಟು ಜನ ಹೊಡೆದವರಲ್ಲಿ ಒಬ್ಬರ ಹೆಸರೂ ಯಾರಿಗೂ ನೆನಪಿರಲಿಲ್ಲ. ಕೊಡಲಿ ಹಿಡಿದವಳ ಹೆಸರು ಮಾತ್ರ ಎಲ್ಲರಿಗೂ ನೆನಪಿತ್ತು. ಕೋರ್ಟಿನಲ್ಲಿ ದುಬ್ರಾಜ್ ಹೇಳಿದ: "ಕಡಿದಿದ್ದು ಇವಳೇ ಸ್ವಾಮಿ. ಕಡೀದೆ ಇದ್ದಿದ್ರೆ ಹೇಳೋಕೆ ನಾನಿರ್ತಿರಲಿಲ್ಲ." ಆದರೂ ಜೌನಿಗೆ ಶಿಕ್ಷೆ ಆಯಿತು. ಅವಳ ಬೆರಳಿನ ಕೇಸಿನಲ್ಲಿ ಅವನಿಗೂ ಆಯಿತು.

ರಾಂಚಿಯ ಜೈಲಿನಲ್ಲಿ ಫೂಲ್ಮತಿಯಾ ಎಂಬ ಬಳೆಗಾರ್ತಿ ಮುದುಕಿ ಇದ್ದಳು. ಗಂಡನಿಗೆ ವಿಷ ಹಾಕಿದವಳು, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. "ಮರ ಹತ್ತೋಕೆ ಬರುತ್ತೆ, ಹಾಳೆ ಎಳಿಯೋಕೆ ಬರುತ್ತೆ, ಒಂದು ಬಳೆ ತೀಡೋಕೆ ಬರಲ್ವಲ್ಲೇ ದಂಡಪಿಂಡ" ಎಂದು ಬೈಯುತ್ತಲೇ ಕಲಿಸಿದಳು. ಕರಗಿದ ಅರಗಿಗೆ ಜೇಡಿಮಣ್ಣಿನ ಪುಡಿ, ಬಣ್ಣ ಕಲಸಿ, ಬೆಚ್ಚಗಿನ ಹಲಗೆಯ ಮೇಲೆ ಹೊಸೆದು ಬಳೆ ಮಾಡುವುದು. ಬಣ್ಣದ ಅರಗಿನ ಕಡ್ಡಿ ತೀಡಿ ಕಾಯಿಸಿದ ಮಣ್ಣಿನ ಗೊಂಬೆಗೆ ಮೈಬಣ್ಣ ಹಚ್ಚುವುದು. ಜೌನಿ ಮೊದಲು ಮಾಡಿದ ಆನೆ ಹಂದಿಯಂತಿತ್ತು. ಜೈಲಿನ ಹೆಂಗಸರು ಬಿದ್ದು ಬಿದ್ದು ನಕ್ಕರು, ಆಮೇಲೆ ತಮಗೂ ಒಂದೊಂದು ಬೇಕೆಂದು ಜಗಳಾಡಿದರು.

ಬಿಡುಗಡೆಯಾಗಿ ಬಂದವಳು ಸಂತೆಯಲ್ಲಿ ಬಳೆ, ಗೊಂಬೆ ಹರಡಿ ಕೂರತೊಡಗಿದಳು. ಅಷ್ಟರಲ್ಲಿ ದುಬ್ರಾಜನೂ ಜೈಲಿನಿಂದ ಮನೆಗೆ ಬಂದಿದ್ದ. ಒಂದು ದಿನ ಅವನ ಹೆಂಡತಿ ಬಾಲೋ ನೆಟ್ಟಗೆ ಬಂದು ಬಳೆಗಳ ಮೇಲೆ ಕಾಲಿಟ್ಟು ತುಳಿದಳು. ಜೌನಿಯ ಕೂದಲು ಹಿಡಿದು ಮಣ್ಣಿಗೆ ಬಗ್ಗಿಸಿ ಬೆನ್ನಿಗೆ ಗುದ್ದಿದಳು.

"ಅವನೀಗ ನೇಗಿಲು ಹಿಡಿಯಲ್ಲ, ಮರ ಹತ್ತಲ್ಲ. ಹೆಂಡ ಕುಡ್ದು ಉಳಿದ ಬೆರಳಲ್ಲಿ ನನ್ನ ಹೊಡೀತಾನೆ. ಉಳಿಸಿದೆ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತೀಯಲ್ಲ, ಯಾರಿಗೆ ಉಳಿಸಿದೆ?"

ಜೌನಿ ಕೈ ಎತ್ತಲಿಲ್ಲ. ತುಟಿಯೊಡೆದು ರಕ್ತ ಬಂತು. "ನಾನು ಯಾರಿಗೂ ಹೇಳ್ಕೊಂಡಿಲ್ಲ ಕಣೇ" ಎಂದಳು. ಬಾಲೋ ಇನ್ನೆರಡು ಗುದ್ದಿ, ಅಲ್ಲೇ ಕುಸಿದು ಅತ್ತಳು. ಅವಳ ಮೊಣಕೈಯಲ್ಲಿ ಹಳೆಯ ಸುಟ್ಟ ಗಾಯ, ಹೊಸ ಬಾಸುಂಡೆ.

ಮುಂದಿನ ಸಂತೆಗೂ ಬಾಲೋ ಬಂದಳು. ಬೈದಳು, ಹೊಡೆಯಲಿಲ್ಲ. ಮಳೆ ಶುರುವಾಗುವ ಹೊತ್ತಿಗೆ ಮಕ್ಕಳನ್ನು ಕಟ್ಟಿಕೊಂಡು ಹೊಳೆ ದಾಟಿ ಕುದಾಡಿಗೆ, ಜೌನಿಯ ಮನೆಗೇ ಬಂದುಬಿಟ್ಟಳು. ಊರವರು ಗೊಣಗಿದರು. ಸನಿಕಾ ಅಂಗಳದ ಮೂಲೆಯಲ್ಲಿ ಅವರಿಗಿರಲು ಒಂದು ಮಾಡು ಇಳಿಸಿಕೊಟ್ಟ. ಕುಡಿದು ಹೆಂಡತಿಯನ್ನು ಎಳೆದೊಯ್ಯಲು ಬಂದ ದುಬ್ರಾಜನನ್ನು ಹೊಳೆಯ ನಡುವೆಯೇ ಕಲ್ಲು ಹೊಡೆದು ಓಡಿಸಿದವಳು ಬಾಲೋ. ಜೌನಿ ದಂಡೆಯಲ್ಲಿ ಕೂತು ನೋಡಿದಳು.

ಈಗ ಚೀಲ ತಿರುಚುವುದು ಬಾಲೋ, ಹಾಳೆ ಎಳೆಯುವುದು ಜೌನಿ. ಇಬ್ಬರಿಗೂ ಅಷ್ಟಕ್ಕಷ್ಟೇ. ಕೆಂಡ ಹೆಚ್ಚಾಯಿತು, ಕಡಿಮೆಯಾಯಿತು ಎಂದು ದಿನವಿಡೀ ಕಚ್ಚಾಡುತ್ತಾರೆ.