ಶಿವಯೋಗೆಪ್ಪ ಬಿಚ್ಚಿದ ಪಟ್ಟಿ

ಬೆಳಗಿನ ಸೋಲಾಪುರದ ಗಾಡಿ ವಿಜಾಪುರ ಸ್ಟೇಶನ್ನಿಗೆ ಬಂದು ನಿಂತಾಗ ಗೋಲಗುಮ್ಮಟದ ಮೇಲೆ ಇನ್ನೂ ಬಿಸಿಲು ಬಿದ್ದಿಲ್ಲ. ಮೂರನೆಯ ದರ್ಜೆಯ ಡಬ್ಬಿಯ ಬಾಗಿಲಲ್ಲಿ ಶಿವಯೋಗೆಪ್ಪ ಬೆನ್ನು ಬಾಗಿಸಿ ನಿಂತಿದ್ದಾನೆ. ಬೆನ್ನ ಮೇಲೆ ಕಟ್ಟಿಗೆಯ ಕುರ್ಚಿ. ಅದರಲ್ಲಿ ಕೂತವರು ಕಾಲು ಮುರಿದುಕೊಂಡು ಸೋಲಾಪುರದ ದವಾಖಾನೆಯಲ್ಲಿ ತಿಂಗಳು ಕಳೆದ ಸಾರವಾಡದ ಬಸಗೊಂಡಪ್ಪ ಗೌಡರು. ಅವರ ಟೊಂಕಕ್ಕೊಂದು, ಎದೆಗೊಂದು ಚರ್ಮದ ಪಟ್ಟಿ ಬಿಗಿದಿದೆ.

"ಏ ಶಿವಯೋಗೆಪ್ಪಾ, ಎದಿ ಮ್ಯಾಲಿಂದು ಸಡಲ ಮಾಡೋ. ನಾ ಏನ ಕಳವು ಮಾಡೇನೇನು?"

ಟಾಂಗಾದ ಹುಸೇನಸಾಬ ನಗುತ್ತಾನೆ. "ಕಳ್ಳರಿಗಾದ್ರ ಒಂದ ಹಗ್ಗ ಸಾಕ್ರಿ ಗೌಡ್ರ. ಜಡ್ಡಿನವ್ರಿಗೆ ಇಂವ ಎರಡು ಹಾಕ್ತಾನ."

ಶಿವಯೋಗೆಪ್ಪ ನಗುವುದಿಲ್ಲ. "ಬೇಕಾದಷ್ಟು ಬೈರಿ. ಟಾಂಗಾದಾಗ ಕುಂತ ಮ್ಯಾಲ ಬಿಚ್ಚತೀನಿ."

ತಿಕೋಟಾದ ಸಂಗಣ್ಣನ ಮಗ ಶಿವಯೋಗೆಪ್ಪನಿಗೆ ಈಗ ನಲವತ್ತು. ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಮಗ್ಗುಲಿಗೆ, ಒಂದು ಕೋಣೆಯಲ್ಲಿದ್ದಾನೆ. ರೈಲಿನಿಂದ ಟಾಂಗಾಕ್ಕೆ, ಚಕ್ಕಡಿಯಿಂದ ದವಾಖಾನೆಯ ಮಂಚಕ್ಕೆ ದಿನಕ್ಕೆ ಐದಾರು ಜನರನ್ನು ಹೊರುತ್ತಾನೆ. ಸೋಮವಾರ ಹನ್ನೆರಡಾಗುವುದೂ ಉಂಟು. ಮೂರು ವರ್ಷದಲ್ಲಿ ಒಬ್ಬರೂ ಜಾರಿಲ್ಲ. ಅದನ್ನು ಹೊಗಳಿದರೆ ಮುಖ ತಿರುಗಿಸುತ್ತಾನೆ. ಈ ಕೆಲಸವನ್ನು ಅವನು ಕಲಿತದ್ದು ಕಡಲ ಮೇಲೆ.

ಯುದ್ಧದ ವರ್ಷಗಳಲ್ಲಿ ಅವನು ಮುಂಬಯಿಗೆ ದುಡಿಯಲು ಹೋಗಿ, ಕೊಂಕಣದ ಕರಾವಳಿಗೆ ಜನರನ್ನು ಸಾಗಿಸುವ ಹಡಗೊಂದರಲ್ಲಿ ಖಲಾಸಿಯಾದ. ರತ್ನಾಗಿರಿಯಂಥ ಊರುಗಳಲ್ಲಿ ಹಡಗು ದಡಕ್ಕೆ ಬರುವುದಿಲ್ಲ, ದೂರದ ಆಳದಲ್ಲೇ ನಿಲ್ಲುತ್ತದೆ. ಜನ ದೋಣಿಯಲ್ಲಿ ಬರುತ್ತಾರೆ. ಗಟ್ಟಿ ಇದ್ದವರು ಏಣಿ ಹತ್ತುತ್ತಾರೆ. ಜಡ್ಡಿನವರನ್ನು ಕುರ್ಚಿಗೆ ಕಟ್ಟಿ ಹಗ್ಗದಿಂದ ಮೇಲೆಳೆಯಬೇಕು.

"ದೋಣಿ ತೆರಿ ಮ್ಯಾಲ ಬಂದಾಗನ ಎತ್ತಬೇಕ್ರಿ. ತಟಗ ತಡಾ ಆತಂದ್ರ ದೋಣಿ ಇಳಿದು, ಮತ್ತ ಏರಿ ಬಂದು ಕುರ್ಚಿಗೆ ತೆಳಗಿಂದ ಗುದ್ದತೈತಿ. ನಡುವ ಕೈ ಸಿಕ್ಕರ ಕೈ ಹೋತು." ಎರಡು ಪಟ್ಟಿ ಇರುವುದು ಆ ಗುದ್ದಿಗಾಗಿಯೇ.

ನಾಲ್ಕು ವರ್ಷದ ಹಿಂದೆ, ಮಳೆಗಾಲಕ್ಕೆ ಮುಂಚಿನ ಕೊನೆಯ ಫೇರಿ. ಗಾಳಿ ಜೋರಾಗಿತ್ತು. ರತ್ನಾಗಿರಿಯ ಪೋಸ್ಟಿನಲ್ಲಿ ಗುಮಾಸ್ತನಾಗಿದ್ದವನೊಬ್ಬ ವಿಷಮಜ್ವರ ಬಂದ ಹೆಂಡತಿ ಶಂಕ್ರೆವ್ವನನ್ನು ಮುಂಬಯಿಯ ದವಾಖಾನೆಗೆ ಹೊರಡಿಸಿದ್ದ. ಅವನು ಆಗಲೇ ಏಣಿ ಹತ್ತಿ ಮೇಲೆ ಹೋಗಿದ್ದ. ದೋಣಿಯಲ್ಲಿ ಶಂಕ್ರೆವ್ವ ಒಬ್ಬಳೇ ಹೆಣ್ಣು, ಇಪ್ಪತ್ತೆರಡು ವರ್ಷದವಳು. ಶಿವಯೋಗೆಪ್ಪ ಎದೆಯ ಪಟ್ಟಿ ಬಿಗಿದಾಗ ಅವಳು ಕಣ್ಣು ಮುಚ್ಚಿ ಕನ್ನಡದಲ್ಲಿ ಅಂದಳು: "ಯಣ್ಣಾ, ಇಷ್ಟ ಮಂದಿ ಮುಂದ ಬ್ಯಾಡೋ. ತಗಿ ಇದನ್ನ."

"ಎಂಟ ತಿಂಗಳಾಗಿತ್ರಿ ನಮ್ಮ ಮಾತು ಕಿವಿಗೆ ಬಿದ್ದು. ಯಾವೂರವ್ವಾ ಅಂದ್ನಿ. ಬಬಲೇಶ್ವರ ಅಂದ್ಲು. ಒಡಹುಟ್ಟಿದಾಕಿ ಸಿಕ್ಕಂಗಾತು. ತಂಗಿ ಮಾನ ದೊಡ್ಡದು ಅನಿಸ್ತು, ಬಿಚ್ಚಿಬಿಟ್ಟೆ. ಸೆರಗ ನಾನ ಹೊಚ್ಚಿದ್ನಿ."

ಕುರ್ಚಿ ಆಳೆತ್ತರ ಏರುವಷ್ಟರಲ್ಲಿ ದೋಣಿ ಕೆಳಗಿನಿಂದ ಬಂದು ಗುದ್ದಿತು. ಶಂಕ್ರೆವ್ವ ಮುಂದಕ್ಕೆ ಮುಗ್ಗರಿಸಿ, ಟೊಂಕದ ಪಟ್ಟಿಯಿಂದ ಜಾರಿ, ಹಡಗು ದೋಣಿಗಳ ನಡುವಿನ ನೀರಿಗೆ ಬಿದ್ದಳು. ಮೇಲೆ ತೆಗೆದಾಗ ಜೀವವಿರಲಿಲ್ಲ.

ಎದೆಯ ಪಟ್ಟಿ ಬಿಚ್ಚಿದವರು ಯಾರು ಎಂದು ಹಡಗಿನ ಅಧಿಕಾರಿ ಕೇಳಿದ. ಶಿವಯೋಗೆಪ್ಪ ನೆಲ ನೋಡಿದ. ಆಕೆಯೇ ಬಿಚ್ಚಿಕೊಂಡಿರಬೇಕು ಎಂದು ಇನ್ನಾರೋ ಅಂದರು. ಕಾಗದದಲ್ಲಿ ಅದೇ ಉಳಿಯಿತು. ಅದು ಬಬಲೇಶ್ವರ ಮುಟ್ಟುವಷ್ಟರಲ್ಲಿ ಶಂಕ್ರೆವ್ವ ಗಂಡನಿಗೆ ಬೇಸತ್ತು ಸಮುದ್ರಕ್ಕೆ ಹಾರಿದಳೆಂದಾಗಿತ್ತು. ಆ ಮಾತಿಗೆ ಅವಳ ತಂಗಿಗೆ ಬಂದ ಎರಡು ಸಂಬಂಧ ಮುರಿದಿವೆ.

ಇದು ಕಿವಿಗೆ ಬಿದ್ದ ಮೇಲೆ, ಹೋದ ತಿಂಗಳು, ಅವನು ಬಬಲೇಶ್ವರಕ್ಕೆ ಹೋಗಿ ಶಂಕ್ರೆವ್ವನ ತಾಯಿ ಗುರುಸಿದ್ದವ್ವನ ಮುಂದೆ ಎಲ್ಲ ಹೇಳಿದ. ಆಕೆ ಜೋಳ ಕೇರುತ್ತಿದ್ದ ಮೊರವನ್ನು ಕೆಳಗಿಡಲಿಲ್ಲ.

"ಬಿಚ್ಚಿದ್ದಕ್ಕ ಏನೂ ಅನ್ನಂಗಿಲ್ಲ. ಆಕಿ ಕೇಳ್ಯಾಳ, ನೀ ಬಿಚ್ಚೀದಿ," ಅಂದಳಂತೆ. "ನಾಕ ವರ್ಷ ಬಾಯಿ ಮುಚಗೊಂಡ ಕುಂತೆಲ್ಲಾ, ಅದಕ್ಕೇನ ಅನ್ನಲೋ ಭಾಡ್ಯಾ? ನನ್ನ ಮಗಳು ಎಂಥಾಕಿ ಅಂತ ನನಗ ಗೊತ್ತೈತಿ. ಅಗಸಿ ಕಟ್ಟಿ ಮ್ಯಾಲ ಕುಂತಾರಲ್ಲ, ಅವರಿಗೆ ಹೇಳ ಹೋಗು."

ಅವನು ಊರಬಾಗಿಲಿನ ಆ ಕಟ್ಟೆಯ ತನಕ ಹೋದ. ಹತ್ತು ಜನರಿದ್ದರು. "ಬರ್ರಿ, ಯಾವೂರ ಆತು?" ಎಂದು ಸರಿದು ಜಾಗ ಕೊಟ್ಟರು. ಎಲೆ ಅಡಿಕೆ ಮುಂದಿಟ್ಟರು. ಹಾಕಿಕೊಂಡ. ಎದ್ದು ಬಂದ.

"ಅವರ ಎಲಿ ತಿಂದು ಬಂದ್ನಲ್ರಿ," ಅನ್ನುತ್ತಾನೆ. "ಸಾರವಾಡದ ತನಕ ಉಗುಳಕೋತ ಬಂದೆ. ಬಾಯಿ ಸ್ವಚ್ಛ ಆಗಲಿಲ್ಲ."

ಅವನ ಕೆಲಸದ ಬಗ್ಗೆ ಈ ಪತ್ರಿಕೆಗೆ ಬರೆಯುತ್ತೇನೆಂದು ನಾನು ಕೇಳಿದಾಗ ಮೊದಲು ಒಲ್ಲೆ ಅಂದಿದ್ದ. ಎರಡು ದಿನ ಬಿಟ್ಟು ತಾನೇ ಬಂದ. ಬಬಲೇಶ್ವರದ ಸಾಲಿಯ ಸದಾಶಿವ ಮಾಸ್ತರರು ರವಿವಾರ ಅದೇ ಕಟ್ಟೆಯ ಮೇಲೆ ಈ ಪತ್ರಿಕೆ ಓದಿ ಹೇಳುತ್ತಾರೆಂದು ಅವನಿಗೆ ಯಾರೋ ಹೇಳಿದ್ದರು.

"ನಾ ಹೊರೂದು ಬರೀರಿ, ಬಿಡ್ರಿ, ನಿಮಗ ಬಿಟ್ಟದ್ದು. ಶಂಕ್ರೆವ್ವಂದು ಒಂದ ಬಿಡಬ್ಯಾಡ್ರಿ. ನನ್ನ ಹೆಸರು, ನಮ್ಮಪ್ಪನ ಹೆಸರು ಹಾಕ್ರಿ. ಮಾಸ್ತರ ಓದೂಮುಂದ ನಾ ಕಟ್ಟಿ ತೆಳಗ ನಿಂತಿರ್ತೀನಿ. ಓದಿ ಮುಗಿಸಿದ ಮ್ಯಾಲ ಯಾರಪಾ ಇಂವ ಅಂತ ಯಾರರ ಕೇಳೇ ಕೇಳ್ತಾರ. ಆಗ ಕೈ ಎತ್ತೂದೊಂದ ಉಳೀತೈತಿ. ಅಷ್ಟ ನನ್ನ ಕಡಿಂದ ಆದೀತ್ರಿ."