ಗಿಟಾರ್ ಪಾರ್ಟಿಯ ಅಣ್ಣ

ಮೊನ್ನೆ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಪಕ್ಕದ ಪಂಕ್ಚರ್ ಅಂಗಡಿಯಿಂದ ಸಲ್ಯೂಷನ್ ವಾಸನೆ ಬಂತು. ಟ್ಯೂಬನ್ನು ಉಜ್ಜಿ, ಅಂಟು ಬಳಿದು, ಬಾಯಲ್ಲಿ ಊದಿ ಆರಿಸುವಾಗ ಬರುತ್ತದಲ್ಲ, ಅದೇ ವಾಸನೆ. ಬೇರೆಯವರಿಗೆ ಅದು ರಬ್ಬರ್ ವಾಸನೆ, ನನಗೆ ಇಂಗ್ಲಿಷ್ ಹಾಡಿನ ವಾಸನೆ. ನಗಬೇಡಿ, ಹೇಳುತ್ತೇನೆ.

ಚನ್ನಗಿರಿಯಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ಒಂದು ಸೈಕಲ್ ಶಾಪು ಇತ್ತು. ಅದರ ಯಜಮಾನನನ್ನು ನಾನು ಅಣ್ಣ ಎನ್ನುತ್ತಿದ್ದೆ. ಒಡಹುಟ್ಟಿದವನೇನಲ್ಲ, ಎರಡು ಮನೆಗೂ ಗೋಡೆ ಒಂದೇ, ಅಷ್ಟೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ದಿನ ಅಣ್ಣ ಶಿವಮೊಗ್ಗದ ಗುಜರಿಯಿಂದ ಕೆಟ್ಟುಹೋದ ರೆಕಾರ್ಡ್ ಪ್ಲೇಯರನ್ನೂ ಒಂದು ಕಟ್ಟು ಇಂಗ್ಲಿಷ್ ಪ್ಲೇಟುಗಳನ್ನೂ ಹೊತ್ತು ತಂದ. ಗಿಟಾರು, ಡ್ರಮ್ಮಿನ ಹಾಡುಗಳು. ಆಗಲೇ ಹದಿನೈದು ಇಪ್ಪತ್ತು ವರ್ಷ ಹಳೆಯವು. ಪ್ಲೇಯರಿನಲ್ಲಿ ತಟ್ಟೆ ತಿರುಗಿಸುವ ರಬ್ಬರ್ ಬೆಲ್ಟು ತುಂಡಾಗಿತ್ತು. ಸೈಕಲ್ ಶಾಪಿನವನಿಗೆ ಅದೊಂದು ತೊಂದರೆಯೇ? ಹಳೆ ಟ್ಯೂಬಿನಿಂದ ಪಟ್ಟಿ ಕತ್ತರಿಸಿ, ಅಂಟಿಸಿ, ತೊಡಿಸಿದ. ತಟ್ಟೆ ತಿರುಗಿತು.

ಅಣ್ಣ ಗಿಟಾರ್ ಕಲಿತದ್ದು ಆ ಪ್ಲೇಟುಗಳಿಂದಲೇ. ಮೈಕ್ ಸೆಟ್ಟಿನವನೊಬ್ಬ ಇನ್ನೊಂದು ಗಿಟಾರ್ ಹಿಡಿದ. ಮದುವೆ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ ನಲ್ಲೂರಿನವನೊಬ್ಬ ಬಂದು ಸೇರಿದ. ಪಿಯುಸಿ ಓದುತ್ತಿದ್ದ ನನ್ನ ಕೆಲಸ, ಪ್ಲೇಟಿಗೆ ಕಿವಿಗೊಟ್ಟು ಇಂಗ್ಲಿಷ್ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಡುವುದು. ಹಾಡುವವನ ದನಿ ಬಾವಿಯೊಳಗಿಂದ ಬಂದ ಹಾಗೆ ದಪ್ಪಗೆ, ಎಳೆದೆಳೆದು ಕೇಳುತ್ತಿತ್ತು. ಅಣ್ಣನೂ ಹಾಗೇ ಗಂಟಲು ಇಳಿಸಿ, ನಿಧಾನವಾಗಿ ಹಾಡುತ್ತಿದ್ದ.

ನನಗೊಂದು ಅನುಮಾನವಿತ್ತು. "ಅಣ್ಣಾ, ಇದ್ರಾಗೆ ಬಾ ಕುಣಿಯಾಣ, ಬೆಳಗಾಗತಂಕ ಕುಣಿಯಾಣ ಅಂತ ಐತೆ. ರಾಗ ನೋಡಿದ್ರೆ ಅಳು ಬರತೈತೆ" ಎಂದೆ.

"ಅವರ ಕಡೆ ಹಿಂಗೇ ಕುಣಿತಾರೇನೋ ತಂಗೀ. ನಾವೇನು ಹೋಗಿ ನೋಡೀವಾ?" ಎಂದು ಅಣ್ಣ ತಂತಿ ಬಿಗಿ ಮಾಡಿದ.

ಜನ ಅವರನ್ನು ಗಿಟಾರ್ ಪಾರ್ಟಿ ಎಂದು ಕರೆದರು. ಹೊನ್ನಾಳಿ, ನ್ಯಾಮತಿ, ಜಗಳೂರು... ಗಣಪತಿ ಪೆಂಡಾಲು, ಸ್ಕೂಲ್ ಡೇ, ಎಲ್ಲಿ ಕರೆದರೂ ಹೋದರು. ಸಿನಿಮಾ ಹಾಡು ಹಾಡಿ ಎಂದವರಿಗೆ ಅಣ್ಣ ಕೈಮುಗಿದ. ಅಡಿಕೆ ಮಂಡಿಯವರೊಬ್ಬರು ಹೊಸ ಡ್ರಮ್ ಸೆಟ್ಟನ್ನೇ ಕೊಡಿಸುತ್ತೇವೆ, ಹಿಂದೆ ನಮ್ಮ ಬೋರ್ಡ್ ಕಟ್ಟಿಕೊಳ್ಳಿ ಎಂದರು. "ನಮ್ ಬೆನ್ನಿಗೆ ಯಾರ್ ಬೋರ್ಡೂ ಬ್ಯಾಡ್ರೀ" ಎಂದುಬಿಟ್ಟ. ಹಟಮಾರಿ. ಆದರೆ ಆ ಹಟವೇ ಅವನಿಗೆ ಚೆಂದವಾಗಿ ಒಪ್ಪುತ್ತಿತ್ತು.

ಬಿಳಿಚೋಡಿನಲ್ಲಿ ಒಮ್ಮೆ ನಾನೂ ಜೊತೆಗಿದ್ದೆ. ಹಾಡು ಮುಗಿದಾಗ ಮುಂದೆ ಕೂತಿದ್ದ ಕುರಿ ಕಾಯುವ ಅಜ್ಜಿಯೊಬ್ಬಳು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಕೇಳಿದಳು: "ಯಾರ್ ತೀರ್ಕೊಂಡ್ರಪ್ಪಾ, ಹಾಡ್ನಾಗೆ?"

"ಯಾರೂ ಇಲ್ಲಜ್ಜಿ" ಎಂದ ಅಣ್ಣ. ಅಜ್ಜಿ ನಂಬಲಿಲ್ಲ. ಇನ್ನೊಂದು ಸಲ ಹಾಡಿಸಿಕೊಂಡಳು, ಮತ್ತೆ ಅತ್ತಳು. ಅಲ್ಲಿದ್ದ ಯಾರಿಗೂ ಒಂದು ಪದ ತಿಳಿಯದು. ಆದರೂ ಒಬ್ಬರೂ ಎದ್ದು ಹೋಗಲಿಲ್ಲ.

ಮುಂದೆ ನಾನು ಡಿಗ್ರಿಗೆ ದಾವಣಗೆರೆಯ ಹಾಸ್ಟೆಲ್ ಸೇರಿದೆ. ಕೊನೆಯ ವರ್ಷ ಗೆಳತಿಯೊಬ್ಬಳ ಮನೆಯಲ್ಲಿ ನಮ್ಮಲ್ಲಿದ್ದಂಥದೇ ಒಂದು ಪ್ಲೇಟು ಕಣ್ಣಿಗೆ ಬಿತ್ತು. ಹಾಕು ಎಂದೆ. ಹಾಕಿದಳು. ನಾಯಿ ಅಟ್ಟಿಸಿಕೊಂಡು ಬಂದವರ ಹಾಗೆ ಓಡಿತು ಹಾಡು! ಹಾಡುವವನದು ತೆಳ್ಳನೆಯ, ತುಂಟ ದನಿ. ಬಾವಿಯೂ ಇಲ್ಲ, ಅಳುವೂ ಇಲ್ಲ. ಅಣ್ಣನ ಟ್ಯೂಬಿನ ಬೆಲ್ಟು ಸಡಿಲವಾಗಿತ್ತು, ಜಾರುತ್ತಿತ್ತು. ಇಷ್ಟು ವರ್ಷ ತಟ್ಟೆ ನಿಧಾನವಾಗಿ ತಿರುಗಿತ್ತು, ನಮ್ಮವರು ಅದನ್ನೇ ಹಾಡು ಎಂದು ಕಲಿತಿದ್ದರು.

ಸುಮ್ಮನಿರಬಹುದಿತ್ತು. ಆದರೆ ಮುಂದಿನ ತಿಂಗಳೇ ದಾವಣಗೆರೆಯಲ್ಲಿ ದೊಡ್ಡ ಸ್ಪರ್ಧೆಯಿತ್ತು, ಬೆಂಗಳೂರಿನ ತಂಡಗಳೂ ಬರುವವಿದ್ದವು. ಗೆದ್ದವರ ಹಾಡನ್ನು ಕ್ಯಾಸೆಟ್ ಮಾಡುತ್ತಾರೆ ಎಂದು ಅಣ್ಣ ಊಟ ಸೇರದೆ ಓಡಾಡುತ್ತಿದ್ದ. ತಿಳಿದವರ ಮುಂದೆ ನಗೆಪಾಟಲಾಗುತ್ತಾನಲ್ಲ ಎಂದು ನನಗೆ ಅನ್ನಿಸಿತು. ನಾಲ್ಕಕ್ಷರ ಕಲಿತ ಜಂಬವೂ ಸ್ವಲ್ಪ ಇತ್ತು, ಇಲ್ಲವೆನ್ನಲಾರೆ. ಊರಿಗೆ ಹೋಗಿ ಹೇಳಿಬಿಟ್ಟೆ.

ಅಣ್ಣ ಮರುದಿನವೇ ಶಿವಮೊಗ್ಗಕ್ಕೆ ಹೋಗಿ ಸರಿಯಾದ ಬೆಲ್ಟು ತಂದು ಹಾಕಿ ಕೇಳಿದ. "ಹಂಗಾದ್ರೆ ಇಷ್ಟ್ ವರ್ಷ ನಾವು ಹಾಡಿದ್ದು ಇದನ್ನಲ್ಲ" ಎಂದಷ್ಟೇ ಹೇಳಿದ.

ಡ್ರಮ್ಮಿನವನು ಸಿಟ್ಟಾದ. "ಅವರ್ದು ಅವರಿಗಿರ್ಲಿ, ನಮ್ದು ನಮ್ಗೆ. ಜನ ಮೆಚ್ಚಿಲ್ಲೇನು?" ಎಂದ.

"ತಪ್ಪು ಅಂತ ಗೊತ್ತಾದ್ಮ್ಯಾಲೆ ಹೆಂಗ್ ಹಾಡಾಕೆ ಆಗತೈತೋ?" ಅಣ್ಣನದು ಒಂದೇ ಮಾತು.

ಒಂದು ತಿಂಗಳಲ್ಲಿ ಐದಾರು ವರ್ಷದ ಕೈಯನ್ನು ಬದಲಿಸಲು ಹೊರಟರು. ಸ್ಪರ್ಧೆಯ ದಿನ ನಾನು ಸಭಾಂಗಣದಲ್ಲಿ ಮೂರನೆಯ ಸಾಲಿನಲ್ಲಿದ್ದೆ. ಹಾಡು ಶುರುವಾದೊಡನೆ ಡ್ರಮ್ಮು ಒಂದು ದಾರಿ, ಗಿಟಾರು ಒಂದು ದಾರಿ. ಏರಿಸಿದ ದನಿ ನಡುವೆ ಒಡೆಯಿತು. ಹಿಂದಿನ ಸಾಲಿನವರು ನಕ್ಕರು. ಜಗಳೂರಿನ ಕಡೆಯವರ್ಯಾರೋ ಎದ್ದು ನಿಂತು, "ನಿಮ್ ಹಳೇದು ಹಾಡ್ರೀ!" ಎಂದು ಕೂಗಿದರು. ಅಣ್ಣ ಆ ಕಡೆ ನೋಡಿದ, ಹಾಡಲಿಲ್ಲ. ಗಿಟಾರಿನ ವೈರು ಕಿತ್ತು, ಕೈಗೆ ಸುತ್ತಿಕೊಂಡು, ಮೆಟ್ಟಿಲಿಳಿದು ಹೋದ.

ಗಿಟಾರ್ ಪಾರ್ಟಿ ಅಲ್ಲಿಗೆ ಮುಗಿಯಿತು. ಅಣ್ಣ ಮತ್ತೆ ಗಿಟಾರ್ ಮುಟ್ಟಲಿಲ್ಲ. ನನ್ನ ಮೇಲೆ ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು. "ನೀ ಹೇಳಿದ್ದು ಒಳ್ಳೇದಾತು ತಂಗೀ" ಎಂದ. ಆ ಮಾತನ್ನು ಇವತ್ತಿಗೂ ನುಂಗಲು ಆಗಿಲ್ಲ. ಮದುವೆಯಾಗಿ ಬೇರೆ ಊರು ಸೇರಿದೆ. ತವರಿಗೆ ಬಂದಾಗಲೆಲ್ಲ, ನಿನ್ನ ನಿಧಾನದ ಹಾಡೇ ಚೆನ್ನಾಗಿತ್ತು, ಅಸಲು ಹಾಡು ಕೇಳಿ ಯಾರೂ ಅಳಲಿಲ್ಲ ಎಂದು ಹೇಳಬೇಕೆಂದುಕೊಳ್ಳುತ್ತಿದ್ದೆ. ಅಣ್ಣ ಚಕ್ರದ ಕಡ್ಡಿ ಬಿಗಿ ಮಾಡುತ್ತಿರುತ್ತಿದ್ದ. ಮಕ್ಕಳು, ಮಳೆ, ಅದೂ ಇದೂ ಮಾತಾಡಿ ಬರುತ್ತಿದ್ದೆ...

ಅಣ್ಣ ತೀರಿಕೊಂಡ ಸುದ್ದಿ ನನಗೆ ತಡವಾಗಿ ಬಂತು. ಮೊನ್ನೆ ಚನ್ನಗಿರಿಯ ಬಸ್ಸು ಹತ್ತಿದ್ದು ಅತ್ತಿಗೆಯನ್ನು ಮಾತಾಡಿಸಲೆಂದೇ. ಗಿಟಾರ್ ಪಾರ್ಟಿಯ ಹಾಡನ್ನು ಯಾರಾದರೂ ಟೇಪ್ ಮಾಡಿದ್ದರೇ ಎಂದು ಕೇಳಿದೆ.

"ಎಲ್ಲಿಂದ ಬರಬೇಕವ್ವಾ" ಎಂದರು ಅತ್ತಿಗೆ. "ಯಾರಾದ್ರೂ ಆ ಹಾಡಿನ ಮಾತೆತ್ತಿದ್ರೆ ತಲೆ ತಗ್ಗಿಸಿಬಿಡ್ತಿದ್ರು. ಊರೂರು ತಿರುಗಿ ಜನರಿಗೆ ತಪ್ಪು ಹಾಡಿ ಬಂದ್ವಿ ಅಂತ. ಸಾಯೋತನಕ ನಾಚ್ಕೊಂಡ್ರು."

"ತಪ್ಪಲ್ಲ ಅತ್ತಿಗೆ" ಎಂದೆ. "ಅವನು ಹಾಡಿದ್ದೇ ಚೆನ್ನಾಗಿತ್ತು."

ಅತ್ತಿಗೆ ನನ್ನ ಕಡೆ ತಿರುಗಿದರು. "ನೀ ಇದನ್ನ ಅವರಿಗೆ ಯಾವತ್ತಾದ್ರೂ ಹೇಳಿದ್ದೇನವ್ವಾ?" ಎಂದು ಕೇಳಿದರು.